ಗೋಡೆಗೆ ಬಡಿಯುವ ಅಣು, ಮುಂದಕ್ಕೆ ಹರಿಯುವ ಗಾಳಿ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಭೌತವಿಜ್ಞಾನದ ಮೇಷ್ಟರಾಗಿ ನಾನು ಕೊಟ್ಟ ಒಂದು ತಪ್ಪು ಉತ್ತರದಿಂದ ಈ ಉಪನ್ಯಾಸವನ್ನು ಶುರು ಮಾಡುತ್ತೇನೆ. ಬಹಳ ವರ್ಷಗಳ ಹಿಂದಿನ ಮಾತು. ಪ್ರಥಮ ಪಿಯುಸಿ ತರಗತಿಯಲ್ಲಿ ಅನಿಲಗಳ ಚಲನ ಸಿದ್ಧಾಂತ ಹೇಳುತ್ತಿದ್ದೆ. ಅಣುಗಳ ವೇಗ ಹೆಚ್ಚಿದಷ್ಟೂ ಅವು ಪಾತ್ರೆಯ ಗೋಡೆಗೆ ಜೋರಾಗಿ ಬಡಿಯುತ್ತವೆ, ಒತ್ತಡ ಏರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದೆ. ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ಹೋದ ತಿಂಗಳು ಬರ್ನೂಲಿ ಪಾಠದಲ್ಲಿ ವೇಗ ಹೆಚ್ಚಾದರೆ ಒತ್ತಡ ಕಡಿಮೆ ಅಂದಿರಿ. ಈಗ ವೇಗ ಹೆಚ್ಚಾದರೆ ಒತ್ತಡ ಜಾಸ್ತಿ ಅಂತೀರಿ. ಗಾಳಿ ಅಂದರೆ ಅಣುಗಳೇ ತಾನೆ ಸರ್? ಎರಡರಲ್ಲಿ ಯಾವುದು ಸರಿ?”

ನಾನು ಹೇಳಿದ್ದು ಹೀಗೆ: “ಅಣುಗಳು ಮುಂದಕ್ಕೆ ಓಡುವ ಅವಸರದಲ್ಲಿರುತ್ತವಮ್ಮ. ಪಕ್ಕದ ಗೋಡೆಗೆ ಬಡಿಯಲು ಅವಕ್ಕೆ ಪುರುಸೊತ್ತಿರುವುದಿಲ್ಲ. ಅದಕ್ಕೇ ಹರಿಯುವ ಗಾಳಿಯ ಒತ್ತಡ ಕಡಿಮೆ.” ಹುಡುಗಿ ಕುಳಿತುಕೊಂಡಳು. ಉತ್ತರ ಸರಿ ಎನಿಸಿತೋ, ಮೇಷ್ಟರ ಮೇಲಿನ ಗೌರವಕ್ಕೆ ಕುಳಿತಳೋ ಗೊತ್ತಾಗಲಿಲ್ಲ. ಆದರೆ ಆ ಉತ್ತರ ನನ್ನನ್ನು ಬಿಡಲಿಲ್ಲ. ಅವಳಿಗೆ ಅಂದು ಹೇಳಬೇಕಾಗಿದ್ದ ಉತ್ತರವೇ ಇಂದಿನ ಉಪನ್ಯಾಸ.

ಪುರುಸೊತ್ತಿನ ಉತ್ತರ ಎಲ್ಲಿ ಎಡವುತ್ತದೆ ಎಂಬುದನ್ನು ಮೊದಲು ನೋಡೋಣ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವ ರೈಲಿನ ಎ.ಸಿ. ಬೋಗಿಯಲ್ಲಿ ನೀವು ಕುಳಿತಿದ್ದೀರಿ. ಕಿಟಕಿಗಳೆಲ್ಲ ಮುಚ್ಚಿವೆ. ಒಳಗಿನ ಗಾಳಿಯೂ ನಿಮ್ಮ ಜೊತೆಗೇ 100 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಹಳಿಯ ಪಕ್ಕದಲ್ಲಿ ನಿಂತವನ ಲೆಕ್ಕದಲ್ಲಿ ಅದು ಬಿರುಗಾಳಿ. ಆದರೆ ನಿಮ್ಮ ತೊಡೆಯ ಮೇಲೆ ಇಟ್ಟ ವಾಯುಭಾರ ಮಾಪಕ ಆ ವೇಗಕ್ಕಾಗಿ ಒಂದು ಗೆರೆಯೂ ಕೆಳಗಿಳಿಯುವುದಿಲ್ಲ. ಬೋಗಿಯ ಗೋಡೆಯೂ ಜೊತೆಗೇ ಓಡುತ್ತಿದೆಯಲ್ಲ ಎಂದು ನೀವು ಕೇಳಬಹುದು. ಗೋಡೆ ತನ್ನ ಉದ್ದಕ್ಕೇ ಸರಿದರೂ ನಿಂತರೂ ಅದಕ್ಕೆ ನೇರವಾಗಿ ಎದುರಾಗುವ ಬಡಿತ ಬದಲಾಗದು. ಬ್ಯಾಸ್ಕೆಟ್‌ಬಾಲ್ ಆಡುವವರು ಅಂಗಳದ ಉದ್ದಕ್ಕೂ ಓಡುತ್ತಾ ಚೆಂಡನ್ನು ನೆಲಕ್ಕೆ ಪುಟಿಸುತ್ತಾರೆ. ಓಡಿದರೆಂಬ ಕಾರಣಕ್ಕೆ ಚೆಂಡು ನೆಲಕ್ಕೆ ಮೆತ್ತಗೆ ಬಡಿಯುವುದಿಲ್ಲ, ಕಡಿಮೆ ಸಲವೂ ಬಡಿಯುವುದಿಲ್ಲ. ಉದ್ದಕ್ಕೆ ಓಡುವುದು ಬೇರೆ, ಅಡ್ಡಕ್ಕೆ ಬಡಿಯುವುದು ಬೇರೆ. ಹಾಗಾಗಿ ಗಾಳಿ ವೇಗವಾಗಿ ಸಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಅದರ ಒತ್ತಡ ಇಳಿಯುವುದಿಲ್ಲ. ನಮ್ಮ ಎಷ್ಟೋ ಪಾಠಗಳು ಇಲ್ಲಿಯೇ ದಾರಿ ತಪ್ಪಿವೆ.

ಆ ಹುಡುಗಿ ಎದುರುಬದುರು ನಿಲ್ಲಿಸಿದ ಎರಡು ಪಾಠಗಳೂ ಒಂದೇ ಪುಸ್ತಕದಿಂದ ಬಂದವು. ಡೇನಿಯಲ್ ಬರ್ನೂಲಿ ಹುಟ್ಟಿದ್ದು 1700ರಲ್ಲಿ, ಹಾಲೆಂಡಿನ ಗ್ರೋನಿಂಗೆನ್‌ನಲ್ಲಿ. ಅವನು ಓದಿದ್ದು ವೈದ್ಯ, ಪ್ರೌಢಪ್ರಬಂಧ ಬರೆದದ್ದು ಉಸಿರಾಟದ ಮೇಲೆ. 1725ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಅಲ್ಲಿನ ಚಳಿಯಲ್ಲಿ ಎಂಟು ವರ್ಷ ಇದ್ದ. ನೀರಿನ ಹರಿವಿನ ಮೇಲಿನ ಅವನ ಗ್ರಂಥ ‘ಹೈಡ್ರೊಡೈನಮಿಕಾ’ ಬೆಳಕು ಕಂಡದ್ದು 1738ರಲ್ಲಿ, ಸ್ಟ್ರಾಸ್‌ಬರ್ಗ್‌ನಲ್ಲಿ. ನೀರು ಹರಿಯುವ ಕೊಳವೆಯ ಗೋಡೆಗೆ ತೂತು ಮಾಡಿ, ಅಲ್ಲಿ ಸಣ್ಣ ಗಾಜಿನ ಕೊಳವೆ ನಿಲ್ಲಿಸಿ, ನೀರು ಎಷ್ಟೆತ್ತರ ಏರುತ್ತದೆಂದು ನೋಡಿ ಒತ್ತಡ ಅಳೆದವನು ಅವನು. ಇಂದು ನಾವು ಬೋರ್ಡಿನ ಮೇಲೆ ಬರೆಯುವ ರೂಪದಲ್ಲಿ ಬರ್ನೂಲಿ ಸಮೀಕರಣವನ್ನು ಕಟ್ಟಿದವನು ಅವನ ಗೆಳೆಯ ಆಯ್ಲರ್.

ಅದೇ ಪುಸ್ತಕದ ಹತ್ತನೆಯ ಅಧ್ಯಾಯ ಗಾಳಿಯದು. ನಿಲ್ಲಿಸಿದ ಒಂದು ಉರುಳೆ, ಅದರೊಳಗೆ ಜಾರುವ ಮುಚ್ಚಳ, ಮುಚ್ಚಳದ ಮೇಲೊಂದು ತೂಕ. ಒಳಗೆ ಲೆಕ್ಕವಿಲ್ಲದಷ್ಟು ಸಣ್ಣ ಕಣಗಳು ಎಲ್ಲ ದಿಕ್ಕಿಗೂ ಹಾರಾಡುತ್ತಾ ಮುಚ್ಚಳಕ್ಕೆ ಕೆಳಗಿನಿಂದ ಬಡಿಯುತ್ತಿವೆ. ತೂಕವನ್ನು ಎತ್ತಿ ಹಿಡಿದಿರುವುದು ಆ ಬಡಿತಗಳೇ. ವೇಗ ಇಮ್ಮಡಿಯಾದರೆ ಪ್ರತಿ ಬಡಿತದ ಬಲವೂ ಇಮ್ಮಡಿ, ಬಡಿತಗಳ ಸಂಖ್ಯೆಯೂ ಇಮ್ಮಡಿ. ಆದ್ದರಿಂದ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಅವನು ಬರೆದ. ಅಣು ಎಂಬುದು ಬರೀ ಊಹೆಯಾಗಿದ್ದ ಕಾಲದಲ್ಲಿ ಬರೆದ ಮಾತಿದು.

ಆ ಮಾತಿಗೆ ಇವತ್ತು ಅಂಕಿ ತುಂಬಿ ನೋಡೋಣ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕಿಲೋ. ಅಣುಗಳ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. 500ರ ವರ್ಗವನ್ನು 1.2ರಿಂದ ಗುಣಿಸಿ, ಮೂರು ದಿಕ್ಕುಗಳಿಗೆ ಹಂಚಿ ಮೂರರಿಂದ ಭಾಗಿಸಿ. ಬರುವುದು 1,00,000 ಪಾಸ್ಕಲ್. ವಾಯುಮಂಡಲದ ಒತ್ತಡ ಅಷ್ಟೇ! ಮೊದಲ ಸಲ ಈ ಲೆಕ್ಕ ಮಾಡಿದ ದಿನ ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ. ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗಕ್ಕೆ, ಒಂದು ಚದರ ಸೆಂಟಿಮೀಟರಿಗೆ, ಈ ಸೆಕೆಂಡಿನಲ್ಲಿ ಬಡಿದ ಅಣುಗಳ ಸಂಖ್ಯೆ ಸುಮಾರು 3ರ ಮುಂದೆ 23 ಸೊನ್ನೆ. ಒಂದೊಂದು ಅಣುವೂ ಇನ್ನೊಂದಕ್ಕೆ ಡಿಕ್ಕಿ ಹೊಡೆಯದೆ ಹೋಗುವ ದೂರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಈ ಡಿಕ್ಕಿಗಳನ್ನು ಮರೆಯಬೇಡಿ, ಮುಂದೆ ಬೇಕಾಗುತ್ತವೆ.

ಬರ್ನೂಲಿಯ ಈ ಅಧ್ಯಾಯವನ್ನು ಲೋಕ ನೂರು ವರ್ಷ ಬದಿಗಿಟ್ಟಿತು. ಶಾಖವೆಂದರೆ ಒಂದು ಬಗೆಯ ದ್ರವ ಎಂದು ನಂಬಿದ್ದ ಕಾಲ. ಅದೇ ಮಾತನ್ನು ಮತ್ತೆ ಹೇಳಿದವರಲ್ಲಿ ಒಬ್ಬ ನಮ್ಮ ನೆಲದಲ್ಲೇ ಇದ್ದ. ಜಾನ್ ಜೇಮ್ಸ್ ವಾಟರ್‌ಸ್ಟನ್ ಎಂಬ ಸ್ಕಾಟ್ಲೆಂಡಿನವನು ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಹುಡುಗರಿಗೆ ಪಾಠ ಹೇಳುತ್ತಿದ್ದ. ಅಲ್ಲಿಂದಲೇ 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅಣುಗಳ ಚಲನೆಯ ಮೇಲೆ ದೊಡ್ಡದೊಂದು ಪ್ರಬಂಧ ಕಳಿಸಿದ. ಓದಿದ ಪಂಡಿತರು ಅದು ಅಚ್ಚಿಗೆ ಯೋಗ್ಯವಲ್ಲ ಎಂದರು. ಅವನ ಬಳಿ ಪ್ರತಿಯೂ ಉಳಿದಿರಲಿಲ್ಲ. ಅವನು ತೀರಿಕೊಂಡದ್ದು 1883ರಲ್ಲಿ. ಆಮೇಲೆ ಲಾರ್ಡ್ ರೇಲಿ ಹಳೆಯ ಕಡತಗಳಲ್ಲಿ ಆ ಪ್ರಬಂಧವನ್ನು ಹುಡುಕಿ ತೆಗೆದು 1892ರಲ್ಲಿ ಅಚ್ಚು ಹಾಕಿಸಿದ. ನನ್ನ ಮನಸ್ಸಿನಲ್ಲಿ ಮುಂಬಯಿಯ ಆ ಮೇಷ್ಟರಿಗೆ ಇದೇ ಸಿದ್ಧಾಂತಕ್ಕೆ ಹೆಸರಾದ ಮ್ಯಾಕ್ಸ್‌ವೆಲ್ ಪಕ್ಕದಲ್ಲೇ ಒಂದು ಜಾಗವಿದೆ.

ಈಗ ಕೊಳವೆಗೆ ಬರೋಣ. ಅಗಲವಾದ ಕೊಳವೆ ಒಂದು ಕಡೆ ಕಿರಿದಾಗುತ್ತದೆ. ಕಿರಿದಾದಲ್ಲಿ ಒತ್ತಡ ಹೆಚ್ಚೋ ಕಡಿಮೆಯೋ? ಪಾಠ ಓದದವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಹೆಚ್ಚು ಎನ್ನುತ್ತಾರೆ, ಯಾಕೆಂದರೆ ಅವರೆಲ್ಲ ಜಾತ್ರೆ ನೋಡಿದವರು. ತೇರು ಎಳೆದು ಮುಗಿದ ಮೇಲೆ ಜನ ರಥಬೀದಿಯಿಂದ ಗಲ್ಲಿಗೆ ನುಗ್ಗುವಾಗ ಮೈಗೆ ಮೈ ಒತ್ತಿ ಉಸಿರು ಕಟ್ಟುತ್ತದೆ, ನಡಿಗೆ ನಿಧಾನವಾಗುತ್ತದೆ. ನೀರಿಗೆ ಮಾತ್ರ ಆ ಅನುಕೂಲವಿಲ್ಲ. ಜನ ಬೇಕಾದಷ್ಟು ಒತ್ತೊತ್ತಾಗಿ ನಿಲ್ಲಬಲ್ಲರು, ನೀರಿನ ಅಣುಗಳು ಆಗಲೇ ಒತ್ತಾಗಿವೆ. ಅಗಲ ಭಾಗದಲ್ಲಿ ಸೆಕೆಂಡಿಗೆ ಒಂದು ಕೊಡ ನೀರು ಬಂದರೆ ಕಿರಿದಾದಲ್ಲೂ ಸೆಕೆಂಡಿಗೆ ಒಂದು ಕೊಡ ದಾಟಲೇಬೇಕು. ಅಂದರೆ ಅಲ್ಲಿ ಅದು ಬೇಗ ಓಡಬೇಕು.

ಬೇಗ ಓಡಬೇಕೆಂದರೆ ಯಾರಾದರೂ ನೂಕಬೇಕು. ನ್ಯೂಟನ್‌ನ ಮಾತು ಇದು, ಅಣುವಿಗೂ ಅನ್ವಯಿಸುತ್ತದೆ. ಈಗ ಅದೇ ಕೊಳವೆಯಲ್ಲಿ ನೀರಿನ ಬದಲು ಗಾಳಿ ಹರಿಯುತ್ತಿದೆ ಎನ್ನಿ. ಕೊಳವೆ ಕಿರಿದಾಗುತ್ತಿರುವ ಜಾಗದಲ್ಲಿ ಗಾಳಿಯ ಒಂದು ತೆಳು ಬಿಲ್ಲೆಯನ್ನು ಮನಸ್ಸಿನಲ್ಲೇ ಕತ್ತರಿಸಿ ತೆಗೆಯಿರಿ. ಅದರ ಬೆನ್ನಿಗೆ ಹಿಂದಿನ ಅಣುಗಳು ಬಡಿಯುತ್ತಿವೆ, ಎದೆಗೆ ಮುಂದಿನವು. ಬೆನ್ನಿನ ಬಡಿತ ಹೆಚ್ಚಿದ್ದರೆ ಮಾತ್ರ ಬಿಲ್ಲೆ ವೇಗ ಪಡೆಯುತ್ತದೆ. ವೇಗ ಪಡೆದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹಾಗಾದರೆ ಹಿಂದೆ ಒತ್ತಡ ಹೆಚ್ಚು, ಮುಂದೆ ಕಡಿಮೆ ಇರಲೇಬೇಕು. ಇಷ್ಟೇ ಬರ್ನೂಲಿ ತತ್ತ್ವ. ವೇಗ ಹೆಚ್ಚಾದ್ದರಿಂದ ಒತ್ತಡ ಇಳಿಯಲಿಲ್ಲ. ಒತ್ತಡ ಇಳಿಯುವ ಕಡೆಗೆ ಸಾಗಿದ್ದರಿಂದ ವೇಗ ಹೆಚ್ಚಿತು. ಎತ್ತಿನ ಮುಂದೆ ಗಾಡಿ ಕಟ್ಟುವ ಪಾಠ ಇದನ್ನು ತಿರುಗಿಸಿ ಹೇಳುತ್ತದೆ.

ಆದರೆ ಹುಡುಗಿಯ ಪ್ರಶ್ನೆ ಇನ್ನೂ ಬಾಕಿಯಿದೆ. ಒತ್ತಡ ಇಳಿದಿದೆ ಎಂದರೆ ಗೋಡೆಗೆ ಬಡಿಯುವ ಬಡಿತ ಇಳಿದಿದೆ. ಅದು ಹೇಗೆ ಇಳಿಯಿತು?

ರಾಹುಲ್ ದ್ರಾವಿಡ್ ಅವರ ಆಟ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ವೇಗದ ಬೌಲರ್ ಎಸೆದ ಚೆಂಡಿಗೆ ಅವರು ಬ್ಯಾಟನ್ನು ತುಸು ಹಿಂದಕ್ಕೆ ಸರಿಸಿ ಒಡ್ಡುತ್ತಿದ್ದರು. ಅಷ್ಟು ಜೋರಾಗಿ ಬಂದ ಚೆಂಡು ಸೋತು ಕಾಲ ಬಳಿಯೇ ಬೀಳುತ್ತಿತ್ತು. ಹಿಂದೆ ಸರಿಯುವ ಹಲಗೆಗೆ ಬಡಿದ ಚೆಂಡು ತಂದ ವೇಗವನ್ನೆಲ್ಲ ವಾಪಸು ಒಯ್ಯುವುದಿಲ್ಲ. ನಮ್ಮ ಬಿಲ್ಲೆಯ ಮುಂದಿರುವ ಗಾಳಿ ಬಿಲ್ಲೆಗಿಂತ ತುಸು ಬೇಗ ಓಡುತ್ತಾ ದೂರ ಸರಿಯುತ್ತಿದೆ. ಬಿಲ್ಲೆಯ ಅಣುಗಳು ಹೀಗೆ ಸರಿಯುತ್ತಿರುವ ನೆರೆಯವರಿಗೆ ಡಿಕ್ಕಿ ಹೊಡೆದು ಹಿಂದಿರುಗುವಾಗ ತುಸು ನಿಧಾನವಾಗಿ ಹಿಂದಿರುಗುತ್ತವೆ. ಆ ನಷ್ಟ ಮುಂದಿನ ಡಿಕ್ಕಿಗಳಲ್ಲಿ ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ, ಅಡ್ಡ ದಿಕ್ಕಿನ ಓಟವೂ ಮಂದವಾಗುತ್ತದೆ. ಬಿಲ್ಲೆ ತಣ್ಣಗಾಗುತ್ತದೆ, ತುಸು ಹಿಗ್ಗುತ್ತದೆ, ಅಣುಗಳ ದಟ್ಟಣೆ ತಗ್ಗುತ್ತದೆ. ಗೋಡೆಯ ಮಟ್ಟಿಗೆ ಬಡಿಯುವವೂ ಕಡಿಮೆ, ಬಡಿತವೂ ಮೆತ್ತಗೆ.

ಅಂದರೆ ಅಣುವಿಗೆ ಎರಡು ಬಗೆಯ ವೇಗಗಳಿವೆ. ದಿಕ್ಕಿಲ್ಲದ ಚಡಪಡಿಕೆ ಒಂದು, ಎಲ್ಲವೂ ಒಟ್ಟಾಗಿ ಸಾಗುವ ಸಾಗಾಟ ಇನ್ನೊಂದು. ಒತ್ತಡ ಹುಟ್ಟುವುದು ಚಡಪಡಿಕೆಯಿಂದ. ಬರ್ನೂಲಿ ಸಮೀಕರಣದ ವೇಗ ಸಾಗಾಟದ್ದು. ಎರಡಕ್ಕೂ ನಾವು ‘ವೇಗ’ ಎಂಬ ಒಂದೇ ಪದ ಬಳಸಿದೆವು, ಆ ಮಗು ಗೊಂದಲಕ್ಕೆ ಬಿತ್ತು. ತಪ್ಪು ಅವಳದಲ್ಲ.

ಮಾತು ಸಾಲದು, ಅಂಕಿಯಿಂದ ತೂಗಿ ನೋಡೋಣ. ನಿಶ್ಚಲ ಗಾಳಿ ಒತ್ತಡ ಕಡಿಮೆಯಿರುವ ಕಡೆಗೆ ನುಗ್ಗಿ ಸೆಕೆಂಡಿಗೆ 30 ಮೀಟರ್ ವೇಗ ಪಡೆಯಿತು ಎನ್ನಿ. ಗಂಟೆಗೆ 108 ಕಿಲೋಮೀಟರ್. ಒಂದು ಕಿಲೋ ಗಾಳಿಗೆ ಸಿಕ್ಕ ಚಲನಶಕ್ತಿ 450 ಜೂಲ್. ಇದರಲ್ಲಿ ಸುಮಾರು 320 ಜೂಲ್ ಆ ಗಾಳಿ ತನ್ನದೇ ಅಣುಗಳ ಚಡಪಡಿಕೆಯಿಂದ ತೆತ್ತದ್ದು, ಉಳಿದ 130 ಅಕ್ಕಪಕ್ಕದ ಗಾಳಿಯ ನೂಕಿನಿಂದ ಬಂದದ್ದು. ತೆತ್ತ ಮೇಲೆ ಗಾಳಿಯ ಉಷ್ಣತೆ 0.45 ಡಿಗ್ರಿ ಇಳಿಯುತ್ತದೆ. 300 ಕೆಲ್ವಿನ್‌ನಲ್ಲಿ ಅದು ಶೇ. 0.15. ಹಿಗ್ಗಿದ್ದರಿಂದ ದಟ್ಟಣೆ ಶೇ. 0.37ರಷ್ಟು ಇಳಿಯುತ್ತದೆ. ಎರಡೂ ಸೇರಿ ಒತ್ತಡ ಶೇ. 0.52 ಕಡಿಮೆ, ಎಂದರೆ ಸುಮಾರು 530 ಪಾಸ್ಕಲ್. ಈಗ ಅಣುಗಳನ್ನು ಮರೆತು ಬರ್ನೂಲಿ ಸೂತ್ರ ಹಾಕಿ: ಸಾಂದ್ರತೆಯ ಅರ್ಧ ಗುಣಿಸು ವೇಗದ ವರ್ಗ. 540 ಪಾಸ್ಕಲ್. ಸಾಂದ್ರತೆಯನ್ನು 1.2 ಎಂದು ದುಂಡಾಗಿ ಹಿಡಿದದ್ದರಿಂದ ಬಂದ ಹತ್ತು ಪಾಸ್ಕಲ್ ಬಿಟ್ಟರೆ ಎರಡೂ ದಾರಿ ಒಂದೇ ಊರಿಗೆ ತಲುಪಿದವು. ಪುಸ್ತಕದ ಎರಡು ಅಧ್ಯಾಯಗಳು ಇಲ್ಲಿ ಕೈ ಹಿಡಿಯುತ್ತವೆ.

ಶೇ. 0.52 ಎಂದರೆ ಸಣ್ಣದು ಎನಿಸಬಹುದು. ಆದರೆ ವಾಯುಮಂಡಲ ನಮ್ಮ ಮೇಲೆ ಹೇರಿರುವುದು ಚದರ ಮೀಟರಿಗೆ ಹತ್ತು ಟನ್. ಅದರ ಅರ್ಧ ಶೇಕಡಾ ಎಂದರೆ ಸುಮಾರು ಐವತ್ತು ಕಿಲೋ. ಬಿರುಗಾಳಿ ಮನೆಯ ಅಂಚು ಹತ್ತಿ ಮಾಡಿನ ಮೇಲೆ ಬಾಗಿ ಹಾಯುವಾಗ ಹೊರಗಿನ ಬಡಿತ ಇಷ್ಟು ಕಡಿಮೆಯಾದರೆ ಸಾಕು, ಚದರ ಮೀಟರಿಗೆ ಕೆಲವೇ ಕಿಲೋ ತೂಗುವ ತಗಡಿನ ಶೀಟು ಒಳಗಿನ ಗಾಳಿಯ ನೂಕಿಗೆ ಮೇಲೇಳುತ್ತದೆ. ಶೀಟಿನ ಮೇಲೆ ಕಲ್ಲು ಹೇರುವವರು, ಹಗ್ಗ ಬಿಗಿಯುವವರು ಈ ಲೆಕ್ಕವನ್ನು ಕೈಯಿಂದಲೇ ಬಲ್ಲರು.

ನೀರಿನ ಕಥೆ ಬೇರೆ. ಇಲ್ಲಿ ಅನಿಲದ ಮಾತುಗಳನ್ನು ಹಾಗೆಯೇ ತಂದು ಹಾಕುವುದು ಇನ್ನೊಂದು ತಪ್ಪು. ನೀರಿನ ಅಣುಗಳು ಹಾರಾಡುವುದಿಲ್ಲ, ಒಂದಕ್ಕೊಂದು ತಾಗಿ ನಿಂತಲ್ಲೇ ಕುಣಿಯುತ್ತವೆ. ನೀರಿನ ಒತ್ತಡ ಎಂದರೆ ಹತ್ತಿರ ತಳ್ಳಿದ ಅಣುಗಳು ಒಂದನ್ನೊಂದು ದೂರ ತಳ್ಳುವ ಬಿಗಿ. ಆ ಬಿಗಿ ಎಂಥದ್ದೆಂದು ನೋಡಿ. ಕೃಷ್ಣರಾಜ ಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಳೆಗಾಲದಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಬಾಯಿಪಾಠ. ಸುಮಾರು 38 ಮೀಟರ್. ಅಷ್ಟು ನೀರಿನ ಅಡಿಯಲ್ಲಿ ಒತ್ತಡ ಮೇಲ್ಮೈಗಿಂತ ಸುಮಾರು 3.7 ವಾಯುಮಂಡಲದಷ್ಟು ಹೆಚ್ಚು. ಅದಕ್ಕಾಗಿ ನೀರು ಎಷ್ಟು ಕುಗ್ಗಿದೆ? 10,000 ಲೀಟರಿಗೆ 2 ಲೀಟರ್ ಕೂಡ ಇಲ್ಲ. ಅಣು ಅಣುವಿನ ನಡುವಿನ ಅಂತರ ಹತ್ತು ಸಾವಿರದಲ್ಲಿ ಒಂದು ಪಾಲೂ ಬದಲಾಗದೆ ಇಷ್ಟು ದೊಡ್ಡ ಒತ್ತಡ ಹುಟ್ಟುತ್ತದೆ. 38 ಮೀಟರ್ ಆಳದ ಒಂದು ತೂಬನ್ನು ತೆರೆದರೆ ಆ ಬಿಗಿ ಸಡಿಲವಾಗಿ, ಘರ್ಷಣೆಯನ್ನು ಬಿಟ್ಟರೆ, ನೀರು ಸೆಕೆಂಡಿಗೆ 27 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ಗಾಳಿಯಂತೆ ಇದು ತನ್ನ ಚಡಪಡಿಕೆಯನ್ನು ತೆತ್ತು ಓಡುವುದಿಲ್ಲ. ಹಿಂದಿನ ನೀರು ನೂಕುತ್ತದೆ, ಅದನ್ನು ಅದರ ಹಿಂದಿನದು, ಕೊನೆಗೆ ಮೇಲಿನ ನೀರಿನ ಭಾರ. ಶಕ್ತಿ ಹೆಚ್ಚುಕಡಿಮೆ ಪೂರ್ತಿ ನೂಕಿನಿಂದಲೇ ಬರುತ್ತದೆ.

ಕೈತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರಕ್ಕೆ ಹಾರುವುದನ್ನು ಬರ್ನೂಲಿ ತತ್ತ್ವಕ್ಕೆ ಉದಾಹರಣೆಯಾಗಿ ಕೊಡುವುದುಂಟು. ನಾನೂ ಕೊಟ್ಟಿದ್ದೇನೆ. ಬಾಯಿ ಕಿರಿದಾಯಿತು, ಆದ್ದರಿಂದ ವೇಗ ಹೆಚ್ಚಿತು ಎಂದು. ಆದರೆ ಬಕೆಟ್ ಇಟ್ಟು ಅಳೆದು ನೋಡಿ. ಹೆಬ್ಬೆರಳು ಒತ್ತಿದಾಗ ಬಕೆಟ್ ತುಂಬಲು ಹೆಚ್ಚು ಹೊತ್ತು ಬೇಕು. ಹರಿವೇ ಕಡಿಮೆಯಾಗಿದೆ. ಮಹಡಿಯ ಮೇಲಿನ ಟ್ಯಾಂಕಿನ ನೀರಿನ ಮಟ್ಟ ಪೈಪಿನ ಬಾಯಿಗಿಂತ 8 ಮೀಟರ್ ಎತ್ತರ ಇದ್ದರೆ ಸೆಕೆಂಡಿಗೆ 12.5 ಮೀಟರ್ ವೇಗ ಸಿಗಬೇಕು. ಬಾಯಿ ತೆರೆದಿಟ್ಟಾಗ ಸಿಗುವುದಿಲ್ಲ, ಯಾಕೆಂದರೆ ಉದ್ದದ ಪೈಪಿನಲ್ಲಿ ನೀರು ಬಿರುಸಾಗಿ ಹರಿಯುವಾಗ ಗೋಡೆಗಂಟಿದ ಅಣುಗಳು ಪಕ್ಕದವನ್ನು ತಡೆಯುತ್ತವೆ, ಅವು ತಮ್ಮ ಪಕ್ಕದವನ್ನು. ಸಾಗಾಟದ ಒಂದು ಪಾಲು ಚಡಪಡಿಕೆಯಾಗಿ ಕರಗಿ ನೀರು ಕಂಡೂ ಕಾಣದಷ್ಟು ಬೆಚ್ಚಗಾಗುತ್ತದೆ. ಹೆಬ್ಬೆರಳು ಒತ್ತಿದಾಗ ಪೈಪಿನೊಳಗಿನ ಹರಿವು ನಿಧಾನವಾಗಿ ಈ ನಷ್ಟ ತಗ್ಗುತ್ತದೆ. ಟ್ಯಾಂಕಿನ ಒತ್ತಡ ಪೈಪಿನ ಬಾಯಿಯವರೆಗೂ ಉಳಿದು ಬರುತ್ತದೆ. ನೀರನ್ನು ಎಸೆಯುವುದು ಆ ಉಳಿದ ಒತ್ತಡ.

ಅಡುಗೆಮನೆಯ ಗ್ಯಾಸ್ ಒಲೆಯಲ್ಲೂ ಇದೇ ಎಚ್ಚರ ಬೇಕು. ರೆಗ್ಯುಲೇಟರ್ ದಾಟಿದ ಅನಿಲ ಹೊರಗಿನ ಗಾಳಿಗಿಂತ ಬರೀ ಶೇ. 3ರಷ್ಟು ಹೆಚ್ಚು ಒತ್ತಡದಲ್ಲಿರುತ್ತದೆ. ಅಷ್ಟಕ್ಕೇ ಅದು ಸೂಜಿಮೊನೆಯಂಥ ತೂತಿನಿಂದ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಬರುತ್ತದೆ. ಅದರ ಒತ್ತಡ ಕಡಿಮೆಯಾದ್ದರಿಂದ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ ಎನ್ನುತ್ತೇವೆ. ಆದರೆ ತೂತಿನಿಂದ ಹೊರಬಿದ್ದ ಚಿಲುಮೆಯ ಒತ್ತಡ ಸುತ್ತಲಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಗಾಳಿ ಬರುವುದು ಡಿಕ್ಕಿಗಳಿಂದ. ಓಡುವ ಅಣುಗಳು ಅಂಚಿನಲ್ಲಿ ನಿಂತ ಗಾಳಿಯ ಅಣುಗಳಿಗೆ ಬಡಿದು ತಮ್ಮ ಜೊತೆಗೆ ಕೊಂಡೊಯ್ಯುತ್ತವೆ, ಖಾಲಿಯಾದ ಜಾಗಕ್ಕೆ ಪಕ್ಕದ ಗಾಳಿ ತುಂಬುತ್ತದೆ. ನೀಲಿ ಜ್ವಾಲೆಗೆ ಬೇಕಾದ ಗಾಳಿ ಸೇರುವುದು ಹೀಗೆ.

ಡಿಕ್ಕಿಗಳನ್ನು ಮರೆಯಬೇಡಿ ಎಂದಿದ್ದೆ. ಪಾತ್ರೆಯಲ್ಲಿ ಅನಿಲ, ಹೊರಗೆ ನಿರ್ವಾತ, ನಡುವೆ ತೂತು. ತೂತು ಎರಡು ಡಿಕ್ಕಿಗಳ ನಡುವಿನ ದೂರಕ್ಕಿಂತ ಚಿಕ್ಕದಾಗಿದ್ದರೆ ಅಣುಗಳು ಒಂದೊಂದಾಗಿ, ತಮ್ಮ ಪಾಡಿಗೆ ತಾವು ಹೊರಬೀಳುತ್ತವೆ. ಅಲ್ಲಿ ಬರ್ನೂಲಿಗೆ ಕೆಲಸವಿಲ್ಲ. ತೂತು ದೊಡ್ಡದಾದರೆ ಒಂದನ್ನೊಂದು ನೂಕುತ್ತಾ ಒಟ್ಟಾಗಿ ಹರಿಯುತ್ತವೆ, ಚಡಪಡಿಕೆ ಸಾಗಾಟವಾಗುತ್ತದೆ. ರಾಕೆಟ್ಟಿನ ಬುಡದ ಗಂಟೆಯಾಕಾರದ ನಳಿಕೆ ಮಾಡುವುದು ಇದನ್ನೇ: ದಿಕ್ಕುಗೆಟ್ಟು ಕುಣಿಯುವ ಅಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದು. ಡಿಕ್ಕಿಗಳಿಲ್ಲದೆ ಆ ತಿರುವು ಆಗದು.

ವಿಮಾನದ ರೆಕ್ಕೆಯ ಬಗ್ಗೆ ಒಂದೇ ಮಾತು. ರೆಕ್ಕೆಯ ಮೇಲಿನ ದಾರಿ ಉದ್ದ, ಕೆಳಗಿನ ಗಾಳಿಯನ್ನು ಕೂಡಿಕೊಳ್ಳಲು ಮೇಲಿನದು ಬೇಗ ಓಡಬೇಕು ಎಂಬ ವಿವರಣೆ ಪೂರ್ತಿ ತಪ್ಪು. ಎರಡೂ ಒಟ್ಟಿಗೆ ತಲುಪಬೇಕೆಂಬ ನಿಯಮ ಎಲ್ಲೂ ಇಲ್ಲ. ಮೇಲಿನ ಗಾಳಿ ಕೆಳಗಿನದಕ್ಕಿಂತ ಮುಂಚೆಯೇ ಹಿಂಬದಿ ತಲುಪುತ್ತದೆ. ಈ ವಿವರಣೆಯನ್ನು ನಮ್ಮ ಪುಸ್ತಕಗಳಿಂದ ತೆಗೆದುಹಾಕಬೇಕು.

ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಒಂದೇ. ಕಾಗದದ ಪಟ್ಟಿಯನ್ನು ತುಟಿಗೆ ಹಿಡಿದು ಮೇಲೆ ಊದಿ, ಅದು ಏಳುವುದನ್ನು ತೋರಿಸುವ ಪ್ರಯೋಗವನ್ನು ನಾವೆಲ್ಲ ಮಾಡಿದ್ದೇವೆ. ಮುಂದಿನ ಸಲ ಅದರ ಜೊತೆಗೆ ಇನ್ನೊಂದನ್ನೂ ಮಾಡಿ. ಪಟ್ಟಿಯನ್ನು ನೇರವಾಗಿ ತೂಗುಬಿಟ್ಟು ಅದರ ಒಂದೇ ಬದಿಗೆ, ಮೇಲಿನಿಂದ ಕೆಳಕ್ಕೆ, ಸಮಾನಾಂತರವಾಗಿ ಊದಿ. ವೇಗದ ಗಾಳಿಯ ಒತ್ತಡ ಕಡಿಮೆ ಎಂಬುದೇ ಕಾರಣವಾಗಿದ್ದರೆ ಪಟ್ಟಿ ಆ ಬದಿಗೆ ಹೊರಳಬೇಕು. ಹೊರಳುವುದಿಲ್ಲ. ಬಾಗಿದ ಪಟ್ಟಿಯನ್ನು ಅನುಸರಿಸಿ ಗಾಳಿ ಬಾಗಿದಾಗ ಮಾತ್ರ ಎಳೆತ ಹುಟ್ಟುತ್ತದೆ. ಎರಡನ್ನೂ ಒಂದೇ ತರಗತಿಯಲ್ಲಿ ತೋರಿಸಿ, ಮಕ್ಕಳನ್ನೇ ಕಾರಣ ಕೇಳಿ. ಯಾರಾದರೂ ಎದ್ದು ಎರಡರಲ್ಲಿ ಯಾವುದು ಸರಿ ಎಂದು ಕೇಳಿದರೆ ಗಂಟೆ ಬಾರಿಸಿದರೂ ಆ ಮಗುವನ್ನು ಬೇಗ ಕೂರಿಸಬೇಡಿ.